ಲಾರಿ ಜಾಕಿಯ ಪ್ರೆಸ್ಸು

ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಜೊಕಿಮನಿಗೆ ಮಟಿಲ್ಡಾ ಎಂಬ ಅಕ್ಕ ಇದ್ದಳು. ಮೂರನೇ ವರ್ಷದಲ್ಲಿ ಬಂದ ಜ್ವರ ಅವಳ ಎರಡೂ ಕಾಲುಗಳ ಬಲವನ್ನು ಕೊಂಡುಹೋಗಿತ್ತು. ಅಂದಿನಿಂದ ಮೂವತ್ತನಾಲ್ಕು ವರ್ಷ ಅವಳು ಕೈಯೂರಿ ನೆಲದ ಮೇಲೆ ಸರಿಯುತ್ತಲೇ ಅಡುಗೆ ಮಾಡಿದಳು, ಕೈಯಿಂದ ತಿರುಗಿಸುವ ಮೆಷಿನ್ನಿನಲ್ಲಿ ನೆರೆಯ ಹೆಂಗಸರಿಗೆ ರವಿಕೆ ಹೊಲಿದಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಪ್ರತಿ ಭಾನುವಾರ ಪ್ರಾರ್ಥನೆಗೆ ಜೊಕಿಮ್ ಅವಳನ್ನು ಎತ್ತಿಕೊಂಡು ಇಗರ್ಜಿಗೆ ಹೋಗುತ್ತಿದ್ದ.

೧೯೬೩ರಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಅವಳ ಅಂಗೈ ಒಡೆದು ಹುಣ್ಣಾಯಿತು. ಹೊಲಿಯಲು ಕೊಟ್ಟವರ ಬಟ್ಟೆಗೆ ರಕ್ತ ತಾಗಿದ ದಿನ ಅವಳು ಮೆಷಿನ್ನಿಗೆ ಮುಸುಕು ಹಾಕಿ ಸುಮ್ಮನೆ ಕುಳಿತುಬಿಟ್ಟಳು. ಜೊಕಿಮ್ ಹಲಸಿನ ಹಲಗೆಯೊಂದಕ್ಕೆ ನಾಲ್ಕು ಹಳೆಯ ಬೇರಿಂಗ್ ಜೋಡಿಸಿ ತಂದ. ಅದು ಉರುಳಿತೇನೋ ಹೌದು. ಆದರೆ ತಿರುಗುವಾಗಲೆಲ್ಲ ಅವಳು ಜಾರಿ ಬೀಳುತ್ತಿದ್ದಳು. ಹೊಸ್ತಿಲು ದಾಟಿಸಲು ಅದನ್ನು ಎತ್ತುವುದಂತೂ ಆಗದ ಮಾತು.

"ಇದು ಶವಪೆಟ್ಟಿಗೆಯ ಮುಚ್ಚಳದ ಹಾಗೆ ಉಂಟು," ಎಂದಳು ಮಟಿಲ್ಡಾ, ನಗುತ್ತಾ.

ಕೆಲವು ದಿನಗಳ ನಂತರ ಜೊಕಿಮ್ ಗೆಳೆಯ ಉಸ್ಮಾನನ ಜೊತೆ ಹಂಪನಕಟ್ಟೆಯ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಿದ್ದ. ಉಸ್ಮಾನ್ ಬಂದರಿನಲ್ಲಿ ಲಾರಿ ರಿಪೇರಿ ಮಾಡುವವನು. ಮಾತಿನ ನಡುವೆ ಜೊಕಿಮ್ ಎದ್ದು ತಾನು ಕುಳಿತಿದ್ದ ಕುರ್ಚಿಯನ್ನೇ ಮಗುಚಿ ನೋಡತೊಡಗಿದ.

"ಎಂತ ಮಾರಾಯ, ತಿಗಣೆ ಉಂಟಾ?" ಎಂದು ಉಸ್ಮಾನ್ ಕೇಳಿದ.

"ಅಂಚು ನೋಡು. ಕಾಗದದ ಹಾಗಿನ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಬಗ್ಗಿಸಿದ್ದಾರೆ. ತೂಕವೇ ಇಲ್ಲ."

"ಬಗ್ಗಿಸಲಿಕ್ಕೆ ಪ್ರೆಸ್ಸು ಬೇಕಲ್ಲ?"

"ನಿನ್ನ ಹತ್ತಿರ ಎಣ್ಣೆ ಜಾಕಿ ಉಂಟಲ್ಲ."

ತುಂಬಿದ ಲಾರಿಯನ್ನು ಎತ್ತುವ ಹೈಡ್ರಾಲಿಕ್ ಜಾಕಿ ಅದು. ಉಸ್ಮಾನ್ ಮರುದಿನವೇ ಅದನ್ನು ಗೋಣಿಯಲ್ಲಿ ಸುತ್ತಿ ಸೈಕಲ್ಲಿನ ಮೇಲೆ ತಂದುಕೊಟ್ಟ. ಕಾಸರಗೋಡಿನ ಕಡೆಗೆ ಹೋಗುವ ಲಾರಿಯವರಿಗೆ ಹೇಳಿ ಪ್ಲೈವುಡ್ಡಿಗೆ ಬಳಸುವ ತೆಳ್ಳಗಿನ ಮರದ ಹಾಳೆಗಳನ್ನೂ ತರಿಸಿದ.

ಹಲಗೆಯ ಆಕಾರ ಹೇಗಿರಬೇಕೆಂದು ಯೋಚಿಸಿದವಳು ಮಟಿಲ್ಡಾ. "ಕಾರ್ಖಾನೆಯಿಂದ ಒಂದು ಬುಟ್ಟಿ ಆವೆಮಣ್ಣು ತಾ. ಅದರ ಮೇಲೆ ಕೂತುಕೊಳ್ತೇನೆ. ಅಚ್ಚು ಬೀಳ್ತದಲ್ಲ."

ಜೊಕಿಮ್ ಮಣ್ಣನ್ನು ತಟ್ಟಿ ಹರಡಿ, ಮೇಲೆ ಒದ್ದೆ ಬಟ್ಟೆ ಹಾಸಿದ. ಅವಳು ಅವನನ್ನು ಆಚೆ ತಿರುಗಿ ನಿಲ್ಲಲು ಹೇಳಿ, ಸೀರೆ ಸರಿಪಡಿಸಿಕೊಂಡು ಕುಳಿತಳು. ಮತ್ತೆ ಅವಳನ್ನು ಎತ್ತಿ ಕೆಳಗಿಳಿಸಿ ನೋಡಿದರೆ, ಅಚ್ಚು ಬಲಗಡೆ ಒಂದು ಗೇಣಿನಷ್ಟು ಅಗಲಕ್ಕೆ ಆಳವಾಗಿ ಇಳಿದಿತ್ತು. ಎಡಗಡೆ ಮಣ್ಣು ತಗ್ಗಿದ್ದೇ ಕಡಿಮೆ. ಇಷ್ಟು ವರ್ಷ ಮೈಯ ಭಾರವೆಲ್ಲ ಒಂದೇ ಸೊಂಟದ ಮೇಲೆ ಬೀಳುತ್ತಿತ್ತು.

"ಬಾಯ್," ಎಂದ ಜೊಕಿಮ್. ಅಕ್ಕನನ್ನು ಅವನು ಕರೆಯುತ್ತಿದ್ದುದೇ ಹಾಗೆ. "ನೋವಾಗುವುದಿಲ್ವಾ?"

"ಆಗ್ತದೆ."

"ನೀನು ಹೇಳಲೇ ಇಲ್ಲ."

"ಹೇಳಿದ್ರೆ ನೀನು ಎಂತ ಮಾಡ್ತಿದ್ದಿ? ನನ್ನನ್ನು ಇನ್ನೂ ಹೆಚ್ಚು ಎತ್ತಿಕೊಂಡು ತಿರುಗ್ತಿದ್ದಿ."

ಎರಡು ವಾರ ಜೊಕಿಮ್ ದಿನವೂ ಕೆಲಸ ಮುಗಿಸಿ ಬಂದ ಮೇಲೆ ಕುಳಿತು, ಆ ಅಚ್ಚಿನಂತೆ ಹಲಸಿನ ಎರಡು ದಿಮ್ಮಿಗಳನ್ನು ಕೆತ್ತಿದ. ಒಂದರಲ್ಲಿ ತಗ್ಗು, ಇನ್ನೊಂದರಲ್ಲಿ ಅದಕ್ಕೆ ಕೂಡುವ ಉಬ್ಬು. ಬಲಗಡೆಯ ಆಳವನ್ನು ಮಾತ್ರ ಕಡಿಮೆ ಮಾಡಿ, ಭಾರ ಎರಡೂ ಕಡೆಗೆ ಹಂಚಿಹೋಗುವಂತೆ ಸರಿಪಡಿಸಿದ. ಹಿಂದಿನ ಜಗಲಿಯಲ್ಲಿ ನಾಲ್ಕು ಕಂಬಗಳ ಚೌಕಟ್ಟು ನಿಲ್ಲಿಸಿ, ಮೇಲೆ ಮರದ ತೊಲೆ ಬಿಗಿದ. ಕೆಳಗೆ ಜಾಕಿ, ಅದರ ಮೇಲೆ ದಿಮ್ಮಿಗಳು, ನಡುವೆ ಬಿಸಿನೀರಿನಲ್ಲಿ ಮೆತ್ತಗಾದ ಏಳು ಹಾಳೆಗಳು. ಅವು ಮೊದಲು ಬಾಗಿ ಒಣಗಬೇಕು, ಆಮೇಲೆ ಅಂಟು.

ಅಂಗೈಯ ಹುಣ್ಣು ಅಷ್ಟರಲ್ಲಿ ಒಣಗಿತ್ತು, ಜಾಕಿಯ ಹಿಡಿಯನ್ನು ಮಟಿಲ್ಡಾಳೇ ಹಿಡಿದಳು. ಮೂವತ್ತನಾಲ್ಕು ವರ್ಷ ಮೈಯನ್ನು ಎಳೆದ ತೋಳುಗಳು ಅವು, ತಮ್ಮನ ತೋಳಿಗಿಂತ ಗಟ್ಟಿ. ಹತ್ತು ಸಲ ಒತ್ತಿದಾಗ ದಿಮ್ಮಿಗಳು ಹತ್ತಿರ ಬಂದವು. ಇಪ್ಪತ್ತಕ್ಕೆ ತೊಲೆ ಕೀರಲಿಟ್ಟಿತು. ಮತ್ತೊಂದು ಒತ್ತಿಗೆ ಗುಂಡು ಹೊಡೆದಂಥ ಶಬ್ದವಾಗಿ ಅದು ಸೀಳಿಹೋಯಿತು. ಒಂದು ಚೂರು ಅವಳ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು.

ಜೊಕಿಮ್ ಓಡಿ ಬಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. "ಸಾಕು ಬಾಯ್. ಜಾಕಿ ವಾಪಸ್ ಕೊಡ್ತೇನೆ. ನಾನಿದ್ದೇನಲ್ಲ, ಎತ್ತಿಕೊಳ್ಳಲಿಕ್ಕೆ."

"ನನಗೆ ಎಂತದೂ ಆಗ್ಲಿಲ್ಲ," ಎಂದಳು ಅವಳು ಮೆಲ್ಲಗೆ. "ತೊಲೆಗೆ ಆಯ್ತು. ತೊಲೆ ಬದಲಾಯಿಸು."

ಆ ವಾರ ಅವನು ಮ್ಯಾನೇಜರರನ್ನು ಕೇಳಿ, ಕಾರ್ಖಾನೆಯ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಎರಡು ಕಬ್ಬಿಣದ ತೊಲೆಗಳನ್ನು ತಂದ. ಉಸ್ಮಾನ್ ಬಂದು ದಪ್ಪ ಬೋಲ್ಟುಗಳನ್ನು ಬಿಗಿದುಕೊಟ್ಟ. "ಬಾಯಮ್ಮ, ಈಗ ಲಾರಿಯನ್ನೇ ಒತ್ತಿದ್ರೂ ಇದು ಅಲುಗುವುದಿಲ್ಲ," ಎಂದ.

ಈ ಸಲ ಚೌಕಟ್ಟು ತಡೆಯಿತು. ಹಾಳೆಗಳು ಬಾಗಿ ಒಣಗಿದ ಮೇಲೆ ಅಂಟು ಬಳಿದು ಏಳನ್ನೂ ಪೇರಿಸಿ ಮತ್ತೆ ಒತ್ತಿಟ್ಟರು. ಜಾಕಿ ನಿಧಾನಕ್ಕೆ ಸಡಿಲವಾಗುತ್ತಿತ್ತು. ಹಾಗಾಗಿ ಎರಡು ದಿನ ಮಟಿಲ್ಡಾ ಮತ್ತೆ ಶುರುಮಾಡಿದ್ದ ಹೊಲಿಗೆಯ ನಡುವೆ ಗಂಟೆಗೊಮ್ಮೆ ಜಗಲಿಗೆ ಸರಿದು ಬಂದು ಹಿಡಿ ಒತ್ತುತ್ತಿದ್ದಳು. ಮೂರನೆಯ ದಿನ ತೆಗೆದು ಅಂಚು ಕತ್ತರಿಸಿದಾಗ, ಎರಡೂ ತುದಿ ಮೇಲೆದ್ದು ನಡು ತಗ್ಗಿದ್ದ ಹಗುರವಾದ ಹಲಗೆ ಅವಳ ಮಡಿಲಿಗೆ ಬಂತು. ಅವಳು ಅದನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು, ಬೆರಳಿನಿಂದ ತಟ್ಟಿ, ಬಹಳ ಹೊತ್ತು ಸವರಿದಳು. ಹಳೆಯ ಹಲಗೆಯ ಬೇರಿಂಗುಗಳನ್ನು ಬಿಚ್ಚಿ ಜೊಕಿಮ್ ಇದರ ಅಡಿಗೆ ಜೋಡಿಸಿದ.

ಭಾನುವಾರ ಬೆಳಗ್ಗೆ ಜೊಕಿಮ್ ಎಂದಿನಂತೆ ಅವಳ ಮುಂದೆ ಬಗ್ಗಿದ.

"ನೀನು ನಡಿ," ಎಂದಳು ಅವಳು. ಹಲಗೆಯನ್ನು ಹೊಸ್ತಿಲಿನಾಚೆ ಇಟ್ಟಳು, ಕೈಯೂರಿ ಅದರ ಮೇಲೆ ಇಳಿದಳು. ಕೈಗೆ ಉಸ್ಮಾನನ ಹಳೆಯ ಟಯರಿನಿಂದ ಮಾಡಿದ ಪಟ್ಟಿಗಳಿದ್ದವು. ಡಾಮರು ರಸ್ತೆಯ ಮೇಲೆ ಬೇರಿಂಗುಗಳು ಕರಕರ ಎನ್ನುತ್ತಿದ್ದರೆ ಜನ ಬಾಗಿಲಿಗೆ ಬಂದು ನೋಡಿದರು. ಜೊಕಿಮ್ ಹಿಂದೆ ನಡೆಯುತ್ತಿದ್ದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಕಟ್ಟಿಕೊಂಡ, ಒಮ್ಮೆ ಜೇಬಿಗೆ ಹಾಕಿದ. ಇಗರ್ಜಿಯ ಇಳಿಜಾರಿನಲ್ಲಿ ಅವಳು ಮುಂದೆ ಹೋಗಿಬಿಟ್ಟಾಗ ಅವನು ಓಡಲು ಹೊರಟು ನಿಂತುಬಿಟ್ಟ. ತನಗಾದದ್ದು ದುಃಖವೋ ಸಂತೋಷವೋ ಅವನಿಗೇ ಗೊತ್ತಾಗಲಿಲ್ಲ.

ಮುಂದಿನ ತಿಂಗಳು ಉಸ್ಮಾನನ ನೆರೆಯ ಹಬೀಬಾ ಎಂಬ ಹೆಂಗಸು ಆರು ವರ್ಷದ ಮಗಳು ಮುನೀರಾಳನ್ನು ಎತ್ತಿಕೊಂಡು ಬಂದಳು. ಮಗುವಿನ ಕಾಲುಗಳು ಮಟಿಲ್ಡಾಳ ಕಾಲುಗಳಂತೆಯೇ ತೆಳ್ಳಗಿದ್ದವು. ಹಬೀಬಾ ಏನನ್ನೋ ಹೇಳಲು ಹೊರಟು ಅತ್ತುಬಿಟ್ಟಳು.

ಮಟಿಲ್ಡಾ ಜೊಕಿಮನಿಗೆ ಮಣ್ಣು ತರಲು ಹೇಳಿ, ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಸ್ವಲ್ಪ ತಂಪಾಗ್ತದೆ, ಅಷ್ಟೇ," ಎಂದಳು. "ಎಲ್ಲಿ ನೋವಾಗ್ತದೆ ಅಂತ ಮೊದಲು ನನಗೆ ಹೇಳು."

ಮುನೀರಾ ತಾಯಿಯ ಕಡೆಗೊಮ್ಮೆ ನೋಡಿ, ಬೆರಳಿಟ್ಟು ತೋರಿಸಿದಳು.