ಮೋಡ ಇಳಿಸುವವನು

ಶವಪೆಟ್ಟಿಗೆಯ ತಲೆಯ ಕಡೆ ಹೆಗಲು ಕೊಟ್ಟಿದ್ದ ಜರ್ವಸ್ ಹಿಮದಲ್ಲಿ ಜಾರಿ ಸಾವರಿಸಿಕೊಂಡ.

"ನಿಧಾನ ಮಾರಾಯ," ಎಂದ ಹಿಂದಿದ್ದ ಬಡಗಿ ಲ್ಯೂಕ್. "ಒಳಗಿರೋನಾಗಿದ್ರೆ ಹಿಂಗೆ ಕುಲುಕಿಸ್ತಿರ್ಲಿಲ್ಲ."

ಒಳಗಿದ್ದವನು ಟೋಬಿಯಸ್ ಕ್ರೌಚ್. ಚಳಿಗಾಲದಲ್ಲಿ ಅರಮನೆಯ ಮುಖವಾಡದ ಕುಣಿತಗಳು ನಡೆದಾಗಲೆಲ್ಲ ರಂಗದ ಹಿಂದೆ ರಾಟೆ ತಿರುಗಿಸಿ, ದೇವತೆಯ ವೇಷ ತೊಟ್ಟ ದೊಡ್ಡ ಮನೆತನದ ಹೆಂಗಸರನ್ನು ಹಲಗೆಯ ಮೋಡದಲ್ಲಿ ಕೆಳಗಿಳಿಸುತ್ತಿದ್ದವನು. ಶವಪೆಟ್ಟಿಗೆಯೂ ಹಳೆಯ ಮೋಡದ ಹಲಗೆಗಳದೇ. ಪಾದ್ರಿ ಏನಾದರೂ ಅಂದಾನೆಂದು ಲ್ಯೂಕ್ ನೀಲಿ ಬಣ್ಣದ ಮೈಯನ್ನು ಒಳಮುಖ ಮಾಡಿ ಮೊಳೆ ಹೊಡೆದಿದ್ದ.

ಟೋಬಿಯಸನ ಹೆಂಡತಿ ಸಿಸ್ಲಿ ಪಕ್ಕದಲ್ಲೇ ನಡೆಯುತ್ತಿದ್ದಳು. ಬೆಳಗಿನಿಂದ ಬಂದವರನ್ನೆಲ್ಲ ಅವಳು ಕೇಳಿದ್ದು ಒಂದೇ ಮಾತು: ತಕ್ಷಣ ಹೋದರಾ, ನರಳಿದರಾ? ತಕ್ಷಣವೇ, ಎಂದಿದ್ದರು ಎಲ್ಲರೂ. ಆದರೆ ಟೋಬಿಯಸ್ ಸತ್ತ ದಿನ ರಾಟೆಗೆ ತೀರ ಹತ್ತಿರ ನಿಂತಿದ್ದವನು ಓಲಗ ಊದುವ ಜರ್ವಸ್. ಅವನನ್ನು ಮಾತ್ರ ಇನ್ನೂ ಕೇಳಿರಲಿಲ್ಲ.

*

ಮೋಡ ಇಳಿಯುವಾಗ ರಾಟೆ ಕಿರುಗುಟ್ಟುತ್ತದೆ. ಅದು ಸಭೆಗೆ ಕೇಳಿಸಿದರೆ ದೇವತೆ ಬರೀ ಹಲಗೆಯ ಮೇಲೆ ಕೂತ ಹೆಂಗಸಾಗುತ್ತಾಳೆ. ಆದ್ದರಿಂದ ತಂತಿವಾದ್ಯದವರು ನುಡಿಸುವುದು ಕುಣಿತಕ್ಕೆ, ಓಲಗದವರು ಊದುವುದು ರಾಟೆಯ ಸದ್ದು ಮುಚ್ಚಲು. ಟೋಬಿಯಸ್ ಅಚ್ಚಿಗೆ ಹಂದಿಯ ಕೊಬ್ಬು ಸವರುತ್ತ ಅಣಕಿಸುತ್ತಿದ್ದ: "ನನ್ನ ರಾಟೆ ಬಾಯಿ ಮುಚ್ಚಿದ್ರೆ ನಿನ್ನ ಅನ್ನಕ್ಕೆ ಕಲ್ಲು ಬೀಳುತ್ತಲ್ಲೋ, ಜರ್ವಸ್."

ಆ ಸಂಜೆ ಹಗ್ಗ ಜಾರಿತು. ಹಿಡಿಯಹೋದ ಟೋಬಿಯಸನ ಒಂದು ತೋಳು ರಾಟೆಗೆ ಸಿಕ್ಕಿತು. ಇನ್ನೊಂದು ಕೈ ಹಿಡಿಕೆಯನ್ನು ಬಿಡಲಿಲ್ಲ. ಬಿಟ್ಟಿದ್ದರೆ ಮೇಲಿನ ಹೆಂಗಸು ನೆಲಕ್ಕಪ್ಪಳಿಸುತ್ತಿದ್ದಳು. ಅವನು ಕೂಗಿದ. ರಂಗದ ಹಿಂದೆ ಸದ್ದೆದ್ದರೆ ಓಲಗದ ದನಿ ಏರಬೇಕು. ಜರ್ವಸನ ಎದೆ ತಾನಾಗಿ ತುಂಬಿತು. ಎರಡನೆಯ ಸಲ ಟೋಬಿಯಸ್ ಕೂಗಿದ್ದು ಅವನ ಹೆಸರನ್ನೇ. ಜರ್ವಸ್ ಇನ್ನೂ ಜೋರಾಗಿ ಊದಿದ. ಮೋಡ ಹೂವಿನಂತೆ ನೆಲ ಮುಟ್ಟಿತು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಕುಣಿತ. ಅದು ಮುಗಿಯುವ ತನಕ ಯಾರೂ ಜಾಗ ಬಿಟ್ಟು ಕದಲುವಂತಿರಲಿಲ್ಲ. ಮುಗಿಯುವಷ್ಟರಲ್ಲಿ ರಾಟೆಯ ಕೆಳಗಿನ ಮರದ ಹೊಟ್ಟೆಲ್ಲ ರಕ್ತದಲ್ಲಿ ನೆನೆದು ಕಪ್ಪಾಗಿತ್ತು.

*

ಗುಂಡಿಯ ಬಳಿ ಪೆಟ್ಟಿಗೆ ಇಳಿಸಿದಾಗ ಸಿಸ್ಲಿ ಹತ್ತಿರ ಬಂದಳು.

"ಆವತ್ತು ನಾನು ಅಡಿಗೆಮನೆ ಅಂಗಳದಲ್ಲಿದ್ದೆ ಅಣ್ಣಾ. ನಿಮ್ಮ ಓಲಗ ಅಲ್ಲೀತನಕ ಕೇಳಿಸ್ತು. ಯಾವತ್ತೂ ಅಷ್ಟು ಜೋರಾಗಿ ಊದಿರ್ಲಿಲ್ಲ ನೀವು. ನಮ್ಮವರು ಮೋಡ ಇಳಿಸ್ತಿದಾರೆ ನೋಡ್ರೇ ಅಂತ ಪಾತ್ರೆ ತೊಳೆಯೋರಿಗೆಲ್ಲ ಹೇಳ್ಕೊಂಡೆ." ಅವನ ಮುಖ ನೋಡಿದಳು. "ಅವ್ರು ಕೂಗಿದ್ರಾ?"

"ಇಲ್ಲ ತಂಗಿ. ಕೂಗಿದ್ರೆ ನಂಗೆ ಕೇಳಿಸ್ತಿತ್ತು."

ಅವಳು ತಲೆಯಾಡಿಸಿದಳು. ಕಣ್ಣು ಮಾತ್ರ ಅವನ ಮುಖದಿಂದ ಕದಲಲಿಲ್ಲ.

ಗುಂಡಿ ತೋಡುವವರು ಹಗ್ಗ ಸಡಿಲಿಸಿದರು. ಹಲಗೆಯ ಅಂಚಿಗೆ ಉಜ್ಜಿ ಹಗ್ಗ ಕಿರ್ರೆಂದಿತು. ಪಾದ್ರಿಯೂ ಒಂದು ಗಳಿಗೆ ಓದುವುದನ್ನು ನಿಲ್ಲಿಸಿದ.

ಜರ್ವಸನ ಕೈಯಲ್ಲಿ ಓಲಗವಿರಲಿಲ್ಲ. ಆದರೂ ಅವನ ಕೆನ್ನೆಗಳು ಮೆಲ್ಲಗೆ ಉಬ್ಬಿ, ಬಿಗಿದು ನಿಂತವು. ಸಿಸ್ಲಿ ಗುಂಡಿಯತ್ತ ತಿರುಗದೆ ಆ ಕೆನ್ನೆಗಳನ್ನೇ ನೋಡುತ್ತಿದ್ದಳು.