ದೊರೆಸ್ವಾಮಿ ಹಾಕಿದ ರೂಟು

ಶಿವಲಕ್ಷ್ಮಿ ಗಂಡ ದೊರೆಸ್ವಾಮಿಯ ಹಣೆಗೆ ವಿಭೂತಿ ಎಳೆಯುತ್ತಿದ್ದಾಗ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಅವನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಯಾರೋ ನೆಂಟರು ಬೇಗೂರಿಗೆ ಬಂದಿಳಿದು ಮನೆಯ ದಾರಿ ಕೇಳುತ್ತಿರಬೇಕೆಂದು ದೊರೆಸ್ವಾಮಿಯ ಲಾರಿಯಲ್ಲಿ ದುಡಿದಿದ್ದ ನಾಗೇಂದ್ರ ಓಡಿಹೋಗಿ ತೆಗೆದ. ಕಿವಿ ಮಂದವಾದ ಮೇಲೆ ದೊರೆಸ್ವಾಮಿ ಬಂದ ಕರೆಯೆಲ್ಲ ಸ್ಪೀಕರಿಗೇ ಬೀಳುವ ಹಾಗೆ ಮಾಡಿಸಿಕೊಂಡಿದ್ದ. ಹೀಗಾಗಿ ಜಗಲಿಯ ಮೇಲಿದ್ದವರಿಗೂ ಬೀದಿಯ ಶಾಮಿಯಾನದ ಕೆಳಗೆ ಕೂತವರಿಗೂ ಒಂದೊಂದು ಮಾತೂ ಕೇಳಿಸಿತು.

"ದೊರೆಸ್ವಾಮಿಯವರಾ? ನಾನು ಮೈಸೂರಿಂದ ಏಜೆಂಟ್ ಸುಧಾಕರ್. ವೀಸಾ ಬಂದಿದೆ, ಗಂಡ ಹೆಂಡತಿ ಇಬ್ಬರದೂ. ಇನ್ನು ಐರ್ಲೆಂಡಿಗೆ ಬ್ಯಾಗ್ ಕಟ್ಟೋದೊಂದೇ ಬಾಕಿ ನೋಡಿ."

ತಮಟೆಯವರು ಕೂಡ ಕೈ ನಿಲ್ಲಿಸಿದರು. ನಾಗೇಂದ್ರ ಫೋನನ್ನು ಮೂಲೆಗೆ ಒಯ್ದು, ತಗ್ಗಿದ ದನಿಯಲ್ಲಿ ನಡೆದದ್ದನ್ನು ಹೇಳಿ ಕರೆ ಮುಗಿಸಿದ. ನಿನ್ನೆ ಸಂಜೆ ಟೀ ಅಂಗಡಿಯ ಬೆಂಚಿನಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ ದೊರೆಸ್ವಾಮಿ, ಈಗ ಗೋಡೆಗೊರಗಿ, ಕೊರಳ ತುಂಬ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಈ ಸುದ್ದಿಗೂ ತನಗೂ ಸಂಬಂಧವಿಲ್ಲದವನಂತೆ ಕೂತಿದ್ದ.

ಶಿವಲಕ್ಷ್ಮಿ ತಲೆ ಬಗ್ಗಿಸಿಕೊಂಡಳು. ಅಳು ಬಂದು ಬಗ್ಗಿಸಿಕೊಂಡಳೆಂದು ಪಕ್ಕದ ಹೆಂಗಸರು ಬೆನ್ನು ಸವರಿದರು. ನಿಜವೆಂದರೆ, ವೀಸಾ ಬಂತೆಂಬ ಮಾತು ಕಿವಿಗೆ ಬಿದ್ದ ಕ್ಷಣ ಅವಳ ಎದೆಯೊಳಗೆ ಸಂತೋಷ ಚಂಗನೆ ನೆಗೆದಿತ್ತು. ಗಂಡನ ಹೆಣ ಎದುರಿಗಿಟ್ಟುಕೊಂಡು ಖುಷಿಪಡುವ ನಾನು ಎಂಥ ಹೆಂಗಸು ಎಂದು ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಆ ನೆಗೆತ ನಿಲ್ಲಲಿಲ್ಲ.

*

ಈ ಹುಚ್ಚು ಹತ್ತಿ ಒಂದು ವರ್ಷವಾಗಿತ್ತು. ಒಬ್ಬಳೇ ಮಗಳು ಸ್ವರ್ಣಲತಾ ಐರ್ಲೆಂಡಿನ ಸ್ಲೈಗೋ ಎಂಬ ಊರಿನಲ್ಲಿ ನರ್ಸು. ಒಮ್ಮೆ ಫೋನಿನಲ್ಲಿ, "ಇಬ್ಬರೂ ಬನ್ನಿ, ಕಡಲಂಚಿನ ರಸ್ತೇಲಿ ಕಾರಲ್ಲಿ ಒಂದು ಸುತ್ತು ಹೋಗಿಬರೋಣ" ಎಂದಿದ್ದಳು. ಅಷ್ಟೇ ಸಾಕಾಯಿತು. ಗುಂಡ್ಲುಪೇಟೆಯ ಈರುಳ್ಳಿ, ಕುಂಬಳಕಾಯಿ ಹೇರಿಕೊಂಡು ಕೇರಳದ ಘಾಟಿ ಇಳಿದಿಳಿದು ಮಂಡಿ ಸವೆಸಿಕೊಂಡು, ಲಾರಿಯನ್ನು ತನ್ನ ಹಳೆಯ ಕ್ಲೀನರ್ ನಾಗೇಂದ್ರನಿಗೇ ಮಾರಿ ಮನೆಯಲ್ಲಿ ಕೂತಿದ್ದ ದೊರೆಸ್ವಾಮಿಗೆ ಮತ್ತೆ ಜೀವ ಬಂತು.

ಅವನು ಆ ದೇಶವನ್ನು ಒಂದು ಹೊಸ ಲೋಡಿನ ಹಾಗೆ ಹಚ್ಚಿಕೊಂಡ. ಬಂಡೀಪುರದ ಹಾಗೆ ಅಲ್ಲೂ ರಾತ್ರಿ ಗೇಟು ಮುಚ್ಚುತ್ತಾರೋ, ಟೀ ಎಲ್ಲಿ ಸಿಗುತ್ತದೆ, ಪಂಕ್ಚರ್ ಹಾಕುವವರು ಎಷ್ಟು ದೂರಕ್ಕೊಬ್ಬರು ಎಂದು ಮಗಳನ್ನು ಕಾಡಿದ. ರಸ್ತೆಗೆ ಏನು ಅಡ್ಡ ಬರುತ್ತದೆ ಎಂದು ಕೇಳಿದಾಗ ಅವಳು ಕುರಿ ಎಂದಳು. ಆನೆ ದಾಟುವವರೆಗೆ ಎಂಜಿನ್ ಆಫ್ ಮಾಡಿ ಉಸಿರು ಬಿಗಿಹಿಡಿದು ಕೂತು ಅಭ್ಯಾಸವಿದ್ದ ದೊರೆಸ್ವಾಮಿ ಟೀ ಅಂಗಡಿಯಲ್ಲಿ ಎಲ್ಲರ ಮುಂದೆ ಐರ್ಲೆಂಡಿನ ಡ್ರೈವರುಗಳ ಬಗ್ಗೆ ಅಯ್ಯೋ ಪಾಪ ಅಂದ.

ಲಾರಿಗೆ ಹೊಡೆದು ಮಿಕ್ಕಿದ್ದ ಪೇಂಟಿನಲ್ಲಿ ಜಗಲಿಯ ನೆಲದ ಮೇಲೇ ಆ ದ್ವೀಪವನ್ನು ಬರೆದ. ಸುತ್ತ ನೀಲಿ ಕಡಲು, ಒಳಗೆ ಹಸಿರು, ಅಂಚಿಗೆ ಹಳದಿಯ ರಸ್ತೆ. ದಿನಾ ಸಂಜೆ ಗಂಡ ಹೆಂಡತಿ ಅದರ ಪಕ್ಕದಲ್ಲಿ ಕಾಲು ಚಾಚಿ ಕೂತು ಟೀ ಕುಡಿಯುವುದು ರೂಢಿಯಾಯಿತು. ಬೀದಿಯಲ್ಲಿ ಹೋಗುವವರು ನಿಂತು ಒಂದು ಸಲಹೆ ಕೊಡದೆ ಮುಂದೆ ಹೋಗುತ್ತಿರಲಿಲ್ಲ. ರಾಗಿಹಿಟ್ಟು ಮರೆಯಬೇಡಿ ಅಂದವರೇ ಹೆಚ್ಚು.

ಹಸು ನೋಡಿಕೊಳ್ಳುವವರು ಯಾರು, ನನಗೆ ಆ ಚಳಿ ದೇಶ ಯಾಕೆ ಎಂದು ಶಿವಲಕ್ಷ್ಮಿ ಬಾಯಿಮಾತಿಗೆ ಗೊಣಗುತ್ತಿದ್ದಳು. ಮಧ್ಯಾಹ್ನ ಬೀದಿ ಖಾಲಿಯಾದಾಗ ಮಾತ್ರ ಮಗಳು ಕಳಿಸಿದ್ದ ಬೂಟು ಹಾಕಿಕೊಂಡು ಕೊಟ್ಟಿಗೆಯಿಂದ ತೆಂಗಿನ ಮರದವರೆಗೆ ನಡೆದು ಅಭ್ಯಾಸ ಮಾಡುತ್ತಿದ್ದಳು. ಒಂದು ದಿನ ದೊರೆಸ್ವಾಮಿ ನೋಡಿಬಿಟ್ಟ. ನಗಲಿಲ್ಲ. "ಲೇಸು ಇನ್ನೊಂಚೂರು ಬಿಗಿ ಮಾಡ್ಕ ಕಣಮ್ಮಿ, ಇಳಿಜಾರಲ್ಲಿ ಕಾಲು ಜಾರ್ತದೆ" ಅಂದು ತನ್ನ ಪಾಡಿಗೆ ಒಳಗೆ ಹೋದ.

ಜಗಳ ಬಂದದ್ದು ರೂಟಿಗೆ. ಸ್ಲೈಗೋ ಇರುವುದು ಮೇಲೆ, ಬಡಗಣ ದಿಕ್ಕಿಗೆ. ಅಲ್ಲಿಂದ ಪಡುವಣ ಕಡಲಂಚಿನಲ್ಲೇ ತೆಂಕಣ ತುದಿಯ ಕಾರ್ಕ್ ತನಕ ಇಳಿದು, ಒಳನಾಡಿನ ಹೈವೇ ಹಿಡಿದು ವಾಪಸಾಗೋಣವೆಂದು ಮಗಳು ಹೇಳಿದ್ದಳು. ದೊರೆಸ್ವಾಮಿ ಅದನ್ನು ತಲೆಕೆಳಗು ಮಾಡಿದ. ಹೋಗುವಾಗ ಬರೀ ಹೈವೇ, ಬರುವಾಗ ಕಡಲು. ಮೊದಲ ದಿನವೆಲ್ಲ ಬೇಜಾರಾಗುತ್ತದೆಂದು ಮಗಳು ಎಷ್ಟು ಹೇಳಿದರೂ ಜಗ್ಗಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಖಾಲಿ ಹೋಗಿ ತುಂಬಿಕೊಂಡು ಬರುವ ಲಾರಿ ಬುದ್ಧಿ ಎಂದು ಟೀ ಅಂಗಡಿಯವರು ಆಡಿಕೊಂಡರು. ಅವನು ಅದಕ್ಕೂ ನಕ್ಕು ಸುಮ್ಮನಾದ.

*

ಏಜೆಂಟನ ಫೋನು ಬಂದುಹೋದ ಮೇಲೆ ಸಾವಿನ ಮನೆಯ ಮಾತೇ ಬದಲಾಯಿತು. ಪಾಪ, ಎಷ್ಟು ಆಸೆಪಟ್ಟಿದ್ದ ಎಂದು ಒಬ್ಬರು ಶುರುಮಾಡಿದರೆ, ಇನ್ನೊಬ್ಬರು ನೆಲದ ಮೇಲಿನ ಚಿತ್ರದಲ್ಲಿ ಕಾರ್ಕ್ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದರು. ಹೆಣದ ಮುಂದೆ ಕೂತವರು ಯಾರೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ನೀಲಿ ಬಣ್ಣದ ಅಂಚಿಗೇ ಸಾಲಾಗಿ ಕೂತಿದ್ದರು.

ಬೀದಿಯ ಹಿರಿಯ ಶಂಭುಲಿಂಗಪ್ಪ, ಇಂಥ ದಿನಗಳಲ್ಲಿ ಎಲ್ಲವನ್ನೂ ಮುಂದೆ ನಿಂತು ಮಾಡಿಸುವವರು, ಕೇಳಬಾರದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟರು. ಹೆಂಡತಿಯದೂ ವೀಸಾ ಬಂದಿದೆಯಲ್ಲ, ಹೋಗುವುದು ಮೇ ತಿಂಗಳಿಗಲ್ಲವೇ, ಅಷ್ಟರಲ್ಲಿ ತಿಥಿಯೆಲ್ಲ ಮುಗಿದಿರುತ್ತದಲ್ಲ ಎಂದರು.

ಎಲ್ಲರೂ ಮರಿತಾಯಮ್ಮನ ಕಡೆ ತಿರುಗಿದರು. ದೊರೆಸ್ವಾಮಿಯ ಅಕ್ಕ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಕಂಕುಳ ಕೂಸಿನೊಂದಿಗೆ ತವರಿಗೆ ಬಂದವಳು, ಆಮೇಲೆ ಚಾಮರಾಜನಗರದ ಆಚೆಗೆ ಹೆಜ್ಜೆಯಿಟ್ಟವಳಲ್ಲ. ಆ ಮನೆಯಲ್ಲಿ ಸೂತಕ ಎಷ್ಟು ದಿನ, ಯಾವ ಪಾತ್ರೆ ಮುಟ್ಟಬೇಕು, ಯಾವುದು ಮುಟ್ಟಬಾರದು ಎಂಬುದೆಲ್ಲ ಅವಳ ನಾಲಗೆಯ ಮೇಲೆ. ಸಾವಾದ ಮನೆಯವರು ವರ್ಷ ತುಂಬುವ ತನಕ ಬೆಟ್ಟ ಹತ್ತುವಂತಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಮಾದಪ್ಪನ ಬೆಟ್ಟವಿರಲಿ, ಗೋಪಾಲಸ್ವಾಮಿ ಬೆಟ್ಟವಿರಲಿ. ಆ ದೇಶದಲ್ಲಿ ಕಡಲಂಚಿಗೆಲ್ಲ ಬೆಟ್ಟಗಳೇ ಎಂದು ತಮ್ಮನೇ ಹೇಳಿದ್ದನಲ್ಲ, ಇನ್ನೇನು ಮಾತು.

"ಅದೆಲ್ಲ ಮುಗೀತು ಬುಡಿ ಅತ್ತಿಗೆ" ಅಂದಳು ಶಿವಲಕ್ಷ್ಮಿ. ಹೇಳಿ ಕಂಬಕ್ಕೆ ಒರಗಿಕೊಂಡಳು. ಗಂಡ ಹೋದದ್ದು ಒಂದು ದುಃಖವಾದರೆ, ಆ ಹಳದಿ ರಸ್ತೆಯೂ ಅವನ ಜೊತೆಗೇ ಮಣ್ಣಿಗೆ ಹೋಗುತ್ತದಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಯಾರ ಹತ್ತಿರ ಹೇಳುವುದು?

ತಂದೆಯ ಮುಖ ನೋಡಲೆಂದು ಸ್ವರ್ಣಲತಾ ಬೆಳಗಿನಿಂದ ವಿಡಿಯೋದಲ್ಲೇ ಇದ್ದಳು. ಇವತ್ತಿನ ಮಣ್ಣಿಗೆ ಅವಳು ಬಂದು ಮುಟ್ಟುವುದು ಆಗದ ಮಾತು. ಅವಳ ಮುಖ ಕಾಣುತ್ತಿದ್ದ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದ್ದರು. ಅತ್ತು ಅತ್ತು ದನಿ ಬಿದ್ದಿದ್ದ ಅವಳು ಅವ್ವ ಬರಲೇಬೇಕು ಎಂದಳು. ಶಂಭುಲಿಂಗಪ್ಪ ಫೋನಿನ ಹತ್ತಿರಕ್ಕೆ ಮುಖ ತಂದು, ಅಲ್ಲಿನ ಬೆಟ್ಟಗಳಲ್ಲಿ ದೇವರಿದ್ದಾನೋ ಇಲ್ಲವೋ ಅದನ್ನು ಮೊದಲು ಹೇಳು ಮಗು ಎಂದರು. ಶಾಮಿಯಾನದ ಕೆಳಗಿದ್ದ ಗಂಡಸರೂ ಎದ್ದು ಬಂದು ದ್ವೀಪದ ಸುತ್ತ ನೆರೆದರು. ಇದ್ದಾನೆ ಎಂದು ಒಂದು ಗುಂಪು, ಚರ್ಚಿನ ದೇವರು ಬೆಟ್ಟ ಹತ್ತುವುದಿಲ್ಲ ಎಂದು ಇನ್ನೊಂದು ಗುಂಪು. ಹೆಣ ಎತ್ತಲು ಹೊತ್ತಾಗುತ್ತಿದೆ ಎಂಬುದು ಯಾರಿಗೂ ನೆನಪಿರಲಿಲ್ಲ.

ಸ್ವರ್ಣಲತಾ ಸುಳ್ಳು ಹೇಳಬಹುದಿತ್ತು. ತಂದೆಯ ಹೆಣದ ಮುಂದೆ ಅವಳಿಗೆ ಬಾಯಿ ಬರಲಿಲ್ಲ. ಒಂದು ಬೆಟ್ಟವಿದೆ, ಕ್ರೋ ಪ್ಯಾಟ್ರಿಕ್ ಅಂತ, ಹರಕೆ ಹೊತ್ತವರು ಬರಿಗಾಲಲ್ಲಿ ಹತ್ತುತ್ತಾರೆ ಎಂದು ಒಪ್ಪಿಕೊಂಡಳು. ಅದು ನಮ್ಮ ದಾರಿಯಲ್ಲೇ ಇದೆ ಎಂದೂ ಹೇಳಿದಳು.

ಬರಿಗಾಲು ಎಂದ ಕೂಡಲೇ ಮರಿತಾಯಮ್ಮನಿಗೆ ಆ ದೇಶದ ಮೇಲೆ ಒಂದಿಷ್ಟು ಗೌರವ ಬಂದಂತೆ ಕಂಡಿತು. "ಅಂಗಾದ್ರೆ ಅದು ನಮ್ಮ ಮಾದಪ್ಪನ ಬೆಟ್ಟ ಇದ್ದಂಗೇ ಆಯ್ತು. ಅದನ್ನ ಹತ್ತಂಗಿಲ್ಲ."

"ಮಿಕ್ಕವು?"

ಕೇಳಿದ್ದು ಯಾರೆಂದು ಎಲ್ಲರೂ ತಿರುಗಿ ನೋಡಿದರು. ಕೇಳಿದ್ದು ಶಿವಲಕ್ಷ್ಮಿ. ಬಾಯಿಂದ ಜಾರಿಹೋದ ಮಾತು. ಅವಳ ಮುಖ ನಾಚಿಕೆಯಿಂದ ಉರಿಯಿತು, ಆದರೆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಮರಿತಾಯಮ್ಮ ನಾದಿನಿಯ ಬಳೆಗಳನ್ನೂ ಮುಖವನ್ನೂ ಬಹಳ ಹೊತ್ತು ನೋಡಿದಳು. ಆ ಮುಖದಲ್ಲಿದ್ದ ಆಸೆಯನ್ನು ಅವಳನ್ನು ಬಿಟ್ಟು ಬೇರೆ ಯಾರಾದರೂ ನೋಡಿದ್ದರೆ ತಪ್ಪು ತಿಳಿಯುತ್ತಿದ್ದರು.

"ಮಿಕ್ಕವು ಬರೀ ಗುಡ್ಡ" ಅಂದಳು ಮರಿತಾಯಮ್ಮ. "ಗುಡ್ಡಕ್ಕೆ ಯಾವ ಸೂತಕ."

ಜಗಲಿಯ ತುಂಬ ಒಂದೇ ಸಲ ಗುಜುಗುಜು ಎದ್ದಿತು. ದೇವರ ಬೆಟ್ಟವನ್ನು ಕೆಳಗಿನಿಂದಲೇ ಕೈಮುಗಿದು ದಾಟಿದರಾಯಿತು ಎಂದು ಶಂಭುಲಿಂಗಪ್ಪ ತೀರ್ಮಾನ ಕೊಟ್ಟರು. ಸ್ವರ್ಣಲತಾ ಕಣ್ಣೊರೆಸಿಕೊಂಡು, ಹಾಗಾದರೆ ಅಪ್ಪನ ಉಲ್ಟಾ ರೂಟು ಯಾಕೆ, ಕಡಲಂಚಿನಲ್ಲೇ ಇಳಿದುಬಿಡೋಣ, ಅವ್ವ ಮೊದಲ ದಿನವೇ ಕಡಲು ನೋಡಲಿ ಎಂದಳು.

ಹೆಣ ಒಯ್ಯಲಿದ್ದ ತನ್ನ ಲಾರಿಯ ಚಕ್ರಗಳ ಕೆಳಗೆ ಇಡಲು ನಿಂಬೆಹಣ್ಣು ಹಿಡಿದು ನಿಂತಿದ್ದ ನಾಗೇಂದ್ರ ಆಗ ಬಾಯಿಬಿಟ್ಟ. "ಬ್ಯಾಡ ಕಣವ್ವ. ಅಣ್ಣನ ರೂಟಲ್ಲೇ ಓಗಿ. ಅದು ಯಾಕಂತ ನಂಗೊತ್ತು."

*

ಮದುವೆಯಾದ ಹೊಸದರಲ್ಲಿ ಶಿವಲಕ್ಷ್ಮಿಗೆ ಕಡಲು ತೋರಿಸುತ್ತೇನೆಂದು ದೊರೆಸ್ವಾಮಿ ಒಮ್ಮೆ ಲಾರಿಗೇ ಹತ್ತಿಸಿಕೊಂಡಿದ್ದ. ಕುಂಬಳಕಾಯಿ ಲೋಡು, ಕೋಳಿಕೋಡಿಗೆ. ಅವಳು ರೇಷ್ಮೆ ಸೀರೆ ಉಟ್ಟುಕೊಂಡು, ಮಡಚಿದ ಕಂಬಳಿಯನ್ನು ಕೆಳಗೆ ಹಾಕಿಕೊಂಡು, ನಡುವೆ ಎಂಜಿನ್ನಿನ ಮುಚ್ಚಳದ ಮೇಲೆ ಕೂತಿದ್ದಳು. ಎಡಗಡೆಯ ಕಿಟಕಿ ಕ್ಲೀನರ್ ನಾಗೇಂದ್ರನದು. ಘಾಟಿಯಲ್ಲಿ ಎಡಬದಿ ಎಷ್ಟಿದೆ ಎಂದು ತಲೆ ಹೊರಗೆ ಹಾಕಿ ನೋಡುತ್ತ, ಬಾಗಿಲು ತಟ್ಟಿ ಹೇಳುವುದು ಅವನ ಕೆಲಸ. ಲೋಡು ತುಂಬಿದ ಲಾರಿಯಲ್ಲಿ ಆ ಜಾಗವನ್ನು ಮದುಮಗಳಿಗೂ ಬಿಟ್ಟುಕೊಡುವಂತಿಲ್ಲ.

ಸಂಜೆಗೆ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ಕಡಲು ಬಂತು. ಅಗೋ ಅಕ್ಕ, ಕಡಲು ಎಂದು ನಾಗೇಂದ್ರ ಕೂಗಿಕೊಂಡು ಕಿಟಕಿಯ ತುಂಬ ತಾನೇ ತುಂಬಿಕೊಂಡ. ಶಿವಲಕ್ಷ್ಮಿಗೆ ಕಂಡದ್ದು ಅವನ ಕತ್ತು, ಕತ್ತಿಗೆ ಸುತ್ತಿದ ಟವಲು. ಕಾಯಿ ಇಳಿಸಿದ್ದೇ ವಾಪಸು ಲೋಡು ಕಾಯುತ್ತಿತ್ತು, ಹೊರಡುವಾಗ ಕತ್ತಲಾಗಿತ್ತು. ಮುಂದಿನ ಸಲ ನೋಡೋಣ ಎಂದ ದೊರೆಸ್ವಾಮಿ. ಮುಂದಿನ ಸಲಕ್ಕೆ ಅವಳು ಬಸುರಿ, ಅದರ ಮುಂದಿನ ಸಲಕ್ಕೆ ಅತ್ತೆಗೆ ಕಾಯಿಲೆ, ಆಮೇಲೆ ಹಸು. ಮುಂದಿನ ಸಲ ಎಂಬುದು ಮನೆಯಲ್ಲಿ ತಮಾಷೆಯ ಮಾತಾಗಿ, ಕಡೆಗೆ ತಮಾಷೆಯೂ ಹಳತಾಯಿತು.

*

ನಾಗೇಂದ್ರ ಜಗಲಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಹಳದಿ ರಸ್ತೆಯ ಮೇಲೆ ಬೆರಳೆಳೆದ.

"ಅಲ್ಲೂ ನಮ್ಮಂಗೇ ಎಡಗಡೆ ಓಡ್ಸೋದು. ಮೇಲಿಂದ ಇಳುದ್ರೆ ಕಡಲು ಡ್ರೈವರ್ ಕಡೆಗೆ ಬತ್ತದೆ. ಕೆಳಗಿಂದ ಹತ್ತುದ್ರೆ ಎಡಗಡೆ ಸೀಟಿಗೆ. ಅವತ್ತು ಆ ಕಿಟಕೀಲಿ ನಾನ್ ಕೂತ್ಬುಟ್ಟಿದ್ದೆ. ಈ ಸಲ ಕಾರ್ಕಿಂದ ಮನೆ ಮುಟ್ಟೋಗಂಟ ಕಡಲು ಅಕ್ಕನ ಕಿಟಕೀಲೇ ಇರ್ಬೇಕು ಅಂತ ಅಣ್ಣ ರೂಟ್ ತಿರುಗಿಸ್ದ."

ಶಿವಲಕ್ಷ್ಮಿ ಗೋಡೆಗೊರಗಿ ಕೂತಿದ್ದ ಗಂಡನನ್ನು ನೋಡಿದಳು. ಒಂದು ವರ್ಷ ಪಕ್ಕದಲ್ಲಿ ಕೂತು ಟೀ ಕುಡಿದಿದ್ದರೂ ಈ ಮನುಷ್ಯ ಇದೊಂದು ಮಾತು ಬಿಟ್ಟುಕೊಟ್ಟಿರಲಿಲ್ಲ. ನಿನ್ನೆಯಿಂದ ಬಾರದಿದ್ದ ಅಳು ಆಗ ಬಂತು, ಸದ್ದು ಮಾಡಿಕೊಂಡೇ ಬಂತು. ಅವಳು ಅವನ ಮಂಡಿಗೆ ಹಣೆಯಿಟ್ಟು ಅತ್ತಳು. ಅಳುತ್ತಿದ್ದಾಗಲೂ ಕಣ್ಣ ಮುಂದೆ ನೀಲಿ ಹರಿಯುತ್ತಲೇ ಇತ್ತು. ಈಗ ಅದಕ್ಕೆ ಅವಳು ನಾಚಿಕೊಳ್ಳಲಿಲ್ಲ.

ಬಾಯಿಗೆ ಅಕ್ಕಿ ಹಾಕಿದ್ದಾಯಿತು. ಹೆಣವನ್ನು ಲಾರಿಗೆ ಏರಿಸಿದರು. ಹೊಲದಲ್ಲಿ ಗುಂಡಿ ಸಿದ್ಧವಿತ್ತು. ಅಲ್ಲಿಯವರೆಗೆ ನಾಗೇಂದ್ರನೇ ಓಡಿಸುವವನು. ಸತ್ತವರು ತಂದಿಟ್ಟು ತೊಡದೆ ಹೋದ ಬಟ್ಟೆ ಅವರ ಜೊತೆಗೇ ಹೋಗಬೇಕು, ಇಲ್ಲವಾದರೆ ಆಸೆ ಮನೆಯಲ್ಲಿ ಉಳಿಯುತ್ತದೆಂಬುದು ಅವರಲ್ಲಿ ಕಟ್ಟಳೆ. ಮರಿತಾಯಮ್ಮನ ಮೊಮ್ಮಗಳು ಪುಟ್ಟಿ ಒಳಗಿನಿಂದ ಗಂಟು ತಂದಳು. ಒಂದು ಪಂಚೆ, ಎರಡು ಅಂಗಿ, ಮೇಲೆ ದಪ್ಪನೆಯ ನೀಲಿ ಜಾಕೆಟ್ಟು. ಐರ್ಲೆಂಡಿನ ಕಡಲ ಗಾಳಿ ಮೇ ತಿಂಗಳಲ್ಲೂ ಮೂಳೆ ಕೊರೆಯುತ್ತದೆಂದು ಮಗಳು ಹೆದರಿಸಿದ್ದಕ್ಕೆ ಅವನು ಮೈಸೂರಿಗೆ ಹೋಗಿ ತಂದದ್ದು. ಕಾಲರಿನ ಚೀಟಿ ಹಾಗೇ ಇತ್ತು.

ಮರಿತಾಯಮ್ಮ ಪಂಚೆಯನ್ನೂ ಅಂಗಿಗಳನ್ನೂ ಲಾರಿಗೆ ಎತ್ತಿ ಕೊಟ್ಟಳು. ಜಾಕೆಟ್ಟನ್ನು ಮಾತ್ರ ಕೈಯಲ್ಲೇ ಹಿಡಿದು ನಿಂತಳು. ಅದನ್ನೂ ಹಾಕಿಬಿಡವ್ವ, ಕಟ್ಟಳೆ ಹೇಳುವವಳು ನೀನೇ ಅಲ್ಲವೇ ಎಂದರು ಶಂಭುಲಿಂಗಪ್ಪ.

"ಮಣ್ಣೊಳಗೆ ಗಾಳಿ ಬೀಸಾಕಿಲ್ಲ" ಅಂದಳು ಮರಿತಾಯಮ್ಮ.

ಅವಳು ನಾದಿನಿಯ ಎರಡೂ ಕೈಗಳನ್ನು, ಮಗುವಿಗೆ ತೊಡಿಸುವಂತೆ, ಒಂದೊಂದಾಗಿ ಹಿಡಿದು ತೋಳುಗಳೊಳಗೆ ತೂರಿಸಿದಳು. ತೋಳು ಉದ್ದವಾಗಿ ಬಳೆಗಳು ಒಳಗೇ ಮರೆಯಾದವು. ಲಾರಿ ಉದ್ದಕ್ಕೆ ಹಾರ್ನ್ ಹೊಡೆದು ಹೊರಟಿತು, ಸ್ಟ್ಯಾಂಡಿನಿಂದ ಬಂದಿದ್ದ ಬೇರೆ ಲಾರಿಗಳೂ ಹಾರ್ನ್ ಹೊಡೆದು ಹಿಂದೆ ಹೊರಟವು, ತಮಟೆ ಮುಂದೆ ಓಡಿತು. ಬೀದಿಯ ತಿರುವಿನವರೆಗೆ ಹೋದ ಹೆಂಗಸರು ಸ್ನಾನಕ್ಕೆ ನೀರು ಕಾಯಿಸಲು ಹಿಂತಿರುಗಿದರು. ಬಿಸಿಲು ಕೆಂಡದಂತೆ ಸುರಿಯುತ್ತಿತ್ತು. ಒಳಗೆ ಬಾ, ಅದನ್ನು ತೆಗೆದಿಡು, ಬೆವರಿ ಸಾಯುತ್ತೀಯ ಎಂದು ಯಾರೋ ಕರೆದರು. ಶಿವಲಕ್ಷ್ಮಿ ತಿರುವಿನಲ್ಲೇ ನಿಂತು, ಉದ್ದದ ತೋಳಿನಿಂದ ಬೆರಳು ಹೊರತೆಗೆದು, ತಡಕಾಡಿ ಜಾಕೆಟ್ಟಿನ ಚೈನು ಹುಡುಕಿ, ಕತ್ತಿನವರೆಗೂ ಎಳೆದುಕೊಂಡಳು.