ಪಾಲಾದ ಗುಳಿಗೆ

ಸೋನ್ಯಾಳದ ನಂದಾಳ ಸೊಂಟದಲ್ಲಿ, ಸೀರೆ ಕಟ್ಟುವ ಕಡೆ, ಬಳೆಯಷ್ಟಗಲದ ಗಜಕರ್ಣ ಎದ್ದಿತ್ತು. ಜತ್ತದ ಡಾಕ್ಟರು ಕೊಟ್ಟ ಗುಳಿಗೆಗಳನ್ನು ಅತ್ತೆ ಸಿದ್ದಲಿಂಗವ್ವ ಪಡಸಾಲೆಯಲ್ಲಿ ಕುಳಿತು ಪಾಲು ಮಾಡಿದಳು. ನಂದಾಳ ಗಂಡ ಈಶ್ವರನಿಗೂ ಅವನ ತಮ್ಮನಿಗೂ ತುರಿಕೆಯಿತ್ತು. ಆ ಮನೆಯಲ್ಲಿ ಒಂದು ಪೇರಲಹಣ್ಣನ್ನೂ ಯಾರೂ ಒಬ್ಬರೇ ತಿಂದವರಲ್ಲ.

"ನೀ ಒಬ್ಬಾಕೀನ ಆರಾಮ ಆಗಿ ಏನ್ ಮಾಡ್ತಿ? ಎಲ್ಲಾರಿಗೂ ಆಗ್ಲಿ."

ಸ್ವಲ್ಪ ದಿನ ಎಲ್ಲರ ತುರಿಕೆಯೂ ನಿಂತಿತು. ಆಮೇಲೆ ಮೊದಲಿಗಿಂತ ಅಗಲವಾಗಿ ಬಂತು. ಮತ್ತೆ ತಂದರು, ಮತ್ತೆ ಹಂಚಿದರು. ಕಡೆಗೊಮ್ಮೆ ನಂದಾ ಹಟ ಹಿಡಿದು ಎಲ್ಲ ಗುಳಿಗೆಗಳನ್ನೂ ತಾನೇ ನುಂಗಿದಳು. ಗಜಕರ್ಣ ಜಗ್ಗಲಿಲ್ಲ.

"ಅರ್ಧಮರ್ಧ ತಿಂದು ಬಿಟ್ಟೀರಿ. ಈಗ ಅದು ಈ ಔಷಧಕ್ಕ ಅಂಜೂದಿಲ್ಲ," ಎಂದರು ಡಾಕ್ಟರು. "ಬ್ಯಾರೆ ನೋಡ್ತೀನಿ. ಆದ್ರ ಮನಿ ಮಂದಿ ಎಲ್ಲಾ ಬಂದು ತೋರಸ್ರಿ. ಇಲ್ಲಂದ್ರ ಒಬ್ಬರದು ಒಬ್ಬರಿಗೆ ತಿರಗತೈತಿ."

ಮನೆಯಲ್ಲಿ ಇದನ್ನು ಹೇಳಿದಾಗ ಈಶ್ವರ ಸಿಡುಕಿದ. "ಈ ವಯಸ್ಸಿನ್ಯಾಗ ಅವ್ವ ಡಾಕ್ಟರ್ ಮುಂದ ಸೀರಿ ಸಡ್ಲ ಮಾಡ್ಬೇಕೇನು?"

"ನನಗೇನಾಗೇತಿ? ಕಲ್ಲಿನಂಗ ಅದೀನಿ," ಎಂದಳು ಸಿದ್ದಲಿಂಗವ್ವ. "ತವರು ವಳಸಂಗದಾಗ ಇಕಿ ಅಪ್ಪ ಬಂಗಾರ ಕೊಡ್ಲಿಲ್ಲ, ಇದನ್ನ ಕಟ್ಟಿ ಕಳಿಸ್ಯಾನ."

ಅತ್ತೆ ದಿನವೂ ಕಂಬಕ್ಕೆ ಬೆನ್ನು ತಿಕ್ಕುವುದನ್ನು ನಂದಾ ನೋಡಿದ್ದಳು. 

ಅಂದೇ ಅವಳ ಹಾಸಿಗೆ ದನದ ಕೊಟ್ಟಿಗೆಗೆ ಹೋಯಿತು. ರೊಟ್ಟಿ ಬಡಿಯುವುದು ತಪ್ಪಿತು. ಇನ್ನೂ ಮೊಲೆ ಬಿಡದ ಮಗಳು ಕಾಜಲ್ ಅಜ್ಜಿಯ ಪಾಲಿಗಾದಳು. ಆಡಿನ ಹಾಲು ಕುಡಿದು ಅಜ್ಜಿಯ ಕೌದಿಯಲ್ಲೇ ಮಲಗತೊಡಗಿದಳು. ನಂದಾಳ ಎದೆ ಕಲ್ಲಾಗುತ್ತಿತ್ತು. ಕೊಟ್ಟಿಗೆಯ ಹಿಂದೆ ಹೋಗಿ, ಕರಿಬೇವಿನ ಗಿಡದ ಬುಡಕ್ಕೆ ಹಾಲು ಹಿಂಡಿ ಬರುತ್ತಿದ್ದಳು. ಒಳಗೆ ಕೂಸು ಅತ್ತರೆ ಹೊಸ್ತಿಲತನಕ ಬಂದು ನಿಲ್ಲುತ್ತಿದ್ದಳು.

"ಒಂದೇ ಸಲ ಎತ್ಕೋತೀನ್ರಿ, ಅತ್ತಿ."

"ದೂರ ಸರಿ. ಇದಕ್ಕೂ ಹಚ್ಚಬೇಕಂತ ಮಾಡೀಯೇನು?"

ದ್ರಾಕ್ಷಿ ಕೊಯ್ಲು ಮುಗಿಯುವ ಹೊತ್ತಿಗೆ, ಒಂದು ಮುಂಜಾನೆ ಸಿದ್ದಲಿಂಗವ್ವನೇ ಕೂಸನ್ನೆತ್ತಿಕೊಂಡು ಕೊಟ್ಟಿಗೆಗೆ ಬಂದಳು. ಕೂಸಿನ ತೊಡೆಯ ಮೇಲೆ ಕೆಂಪು ಉಂಗುರ ಮೂಡಿತ್ತು.

"ತಗೋ. ನಿನ್ನ ರೋಗ ಇದಕ್ಕೂ ಹತ್ತೇತಿ."

"ನಾ ಮುಟ್ಟೇ ಇಲ್ಲಲ್ರಿ..."

"ಹಂಗಾರ ನನ್ನಿಂದ ಬಂತೇನು?" ಸಿದ್ದಲಿಂಗವ್ವ ಕೂಸನ್ನು ಮತ್ತೆ ತನ್ನ ಹೆಗಲಿಗೆ ಎಳೆದುಕೊಂಡಳು. "ಹೇಳು, ಯಾರದಿದು?"

ಕಾಜಲ್ ತಾಯಿಯ ಕಡೆ ಕೈ ಚಾಚಿ ಅಳುತ್ತಿದ್ದಳು. ನಂದಾಳ ಕುಪ್ಪಸ ಆಗಲೇ ಒದ್ದೆಯಾಗಿತ್ತು.

"ನಂದರಿ," ಎಂದಳು. "ನಂದೇ ರೋಗ. ಕೊಡ್ರಿ ಇತ್ತ."